ಪಕ್ಕದ ಮನೆ ಗೂಬೆ

ಮಾವಿನ ತೋಪಿಗೂ ಕಂಪ್ಯೂಟರಿಗೂ ನೆಂಟಸ್ತನ ಬೆಳೆಸಿದ ಮೇಲೆ ಇಂಥವು ನಡೀತಾನೇ ಇರುತ್ತವೆ. ನಾನು ಕೋಲಾರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಜಿಲ್ಲೆಯ ಜನ ತಾವು ಕಂಡ ಹಕ್ಕಿ, ಹೂವಿನ ಸುದ್ದಿಯನ್ನು ಫೋಟೋ ಸಮೇತ ನಮ್ಮ ಹಕ್ಕಿ ಗುಂಪಿನ ವಾಟ್ಸಾಪಿಗೆ ಕಳಿಸುತ್ತಾರೆ. ನಮ್ಮ ಎಐ ಅದನ್ನೆಲ್ಲ ಓದಿ, ಎಲ್ಲೆಲ್ಲಿ ಏನೇನಿದೆ ಅಂತ ಪಟ್ಟಿ ಮಾಡುತ್ತದೆ. ಅದಕ್ಕೆ ಬುದ್ಧಿ ಬೇಕಾದಷ್ಟಿದೆ, ದಾಕ್ಷಿಣ್ಯ ಮಾತ್ರ ಇಲ್ಲ.

ಹೂವು

ಗೌನಿಪಲ್ಲಿಯ ರೈತರೊಬ್ಬರು, "ಈ ಸಲ ಮಾವು ಹೂವೇ ಬಿಟ್ಟಿಲ್ಲ ಸಾರ್" ಅಂತ ಕಳಿಸಿದರು. ಜೊತೆಗಿದ್ದ ಫೋಟೋದಲ್ಲಿ ಎಲೆ ಕಾಣದಷ್ಟು ಹೂವು. "ಮಾತಿಗೂ ಚಿತ್ರಕ್ಕೂ ಹೊಂದುತ್ತಿಲ್ಲ" ಎಂದಿತು ಎಐ. ಫೋನ್ ಮಾಡಿ ಕೇಳಿದೆ.

"ಅಯ್ಯೋ ಸಾರ್, ಬಾಯಿಬಿಟ್ಟು ಹೇಳಿದ್ರೆ ದೃಷ್ಟಿ ಆಗಲ್ವಾ? ಅದಕ್ಕೇ ಫೋಟೋ ಕಳಿಸಿದ್ದು!"

ನವಿಲು

ರಾಯಲ್ಪಾಡಿನ ಅಜ್ಜಿಯೊಬ್ಬರು, ಟೊಮೇಟೊ ತೋಟಕ್ಕೆ ನವಿಲು ನುಗ್ಗಿದೆ ಅಂತ ವಾಯ್ಸ್ ಮೆಸೇಜ್ ಹಾಕಿದರು. "ಧನ್ಯವಾದ, ಇನ್ನಷ್ಟು ವಿವರ ಕಳಿಸಿ" ಅಂತ ಎಐ ಉತ್ತರಿಸಿತು.

"ವಿವರ ತಗೊಂಡು ಏನ್ಮಾಡ್ತೀಯಾ ನಾಯನಾ? ಬಂದು ಓಡಿಸು!"

ಗೂಬೆ

ಗೂಬೆಯ ಪಟ್ಟಿ ಬಂದಾಗ ಎಐ ಹೀಗೆ ಬರೆದಿತ್ತು: "ಈ ಜಿಲ್ಲೆಯ ಗೂಬೆಗಳು ನೋಡಿದವರ ಮನೆ ಬಿಟ್ಟು ಪಕ್ಕದ ಮನೆಯಲ್ಲೇ ವಾಸಿಸುತ್ತವೆ." ನನಗೆ ಸಿಟ್ಟು ಬಂತು. ಗೂಬೆ ಅಪಶಕುನ ಅಂತ ಯಾರೂ ಸುಳ್ಳು ವಿಳಾಸ ಬರೆಸಬಾರದು, ನಾಚಿಕೆ ಆಗಬೇಕು ಅಂತ ಗುಂಪಿಗೆ ಉದ್ದನೆಯ ಭಾಷಣ ಕಳಿಸಿದೆ.

ಅದೇ ವಾರ ನಮ್ಮ ಮನೆ ನೀರಿನ ಟ್ಯಾಂಕಿನ ಮೇಲೆ ಗೂಬೆ ಬಂದು ಕೂತಿತು.

"ಭಾನುವಾರ ಮುಳಬಾಗಿಲಿನವರು ಮಗಳನ್ನ ನೋಡೋಕೆ ಬರ್ತಿದಾರೆ ಕಣ್ರೀ. ಇದು ಗೊತ್ತಾದ್ರೆ ಸಂಬಂಧ ಕೈತಪ್ಪುತ್ತೆ!" ಅಂದಳು ಹೆಂಡತಿ. ಹುಡುಗ ಮಗಳಿಗೂ ಇಷ್ಟ. ಹುಡುಗನ ತಂದೆಯೋ, ನಮ್ಮ ಹಕ್ಕಿ ಗುಂಪಿನವರೇ. ನನಗೂ ಹೆದರಿಕೆಯಾಯಿತು. ವಿಜ್ಞಾನವನ್ನೂ ಬಿಡಲಾಗದೆ ಫೋಟೋ ತೆಗೆದು ದಾಖಲಿಸಿದೆ. ವಿಳಾಸ ಮಾತ್ರ ಎದುರು ಮನೆಯದು. ಅಕ್ಷರಶಃ ಅವರ ಮೇಲೆ ಗೂಬೆ ಕೂರಿಸಿದೆ.

ಶನಿವಾರ ಗುಂಪಿನ ಸಭೆ. ಎಲ್ಲರೆದುರು ಪರದೆಯ ಮೇಲೆ ಎಐ ಬರೆಯಿತು: "ಮೇಷ್ಟ್ರು ಕೊಟ್ಟ ವಿಳಾಸ ತಪ್ಪಿರಬಹುದು. ಅವರು ಹಿಂದೆ ಕಳಿಸಿದ್ದ ತಮ್ಮ ಮನೆಯ ಗುಬ್ಬಚ್ಚಿ ಫೋಟೋದಲ್ಲೂ ಇದೇ ಟ್ಯಾಂಕ್ ಇದೆ."

ಸಭೆಗೆ ಸಭೆಯೇ ನನ್ನ ಕಡೆ ತಿರುಗಿತು. ಮಾನವೂ ಹೋಯಿತು, ಮಗಳ ಸಂಬಂಧವೂ ಹೋಯಿತು ಅಂತ ತಲೆ ತಗ್ಗಿಸಿ ಕೂತೆ. ಹುಡುಗನ ತಂದೆ ಎದ್ದು ಬಂದು ಪಕ್ಕದಲ್ಲೇ ಕೂತರು. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

"ಬಿಡಿ ಬೀಗರೇ, ನಮ್ಮನೇಲಿ ಎರಡಿವೆ. ಎರಡನ್ನೂ ಪಕ್ಕದ ಮನೆಗೆ ಬರೆಸಿದೀನಿ."