ವಾಸನೆಯಿಲ್ಲದ ಸೀಸೆಯ ಮರಿಹುಳುಗಳಿಗೆ

ಪ್ರಯೋಗಾಲಯದ ಕಿಟಕಿ ಪಕ್ಕದ ಕಪಾಟಿನಲ್ಲಿ, ಗಾಜಿನ ಸೀಸೆಯೊಳಗೆ ಸುಖವಾಗಿ ವಾಸಿಸುತ್ತಿರುವ ಹಣ್ಣುನೊಣದ ಮರಿಹುಳುಗಳಾದ ಮಾನ್ಯರೇ,

ತಮ್ಮ ರಕ್ತವನ್ನೇ ನಂಬಿ ಪಿಎಚ್‌ಡಿ ಮಾಡಹೊರಟ ಬಡಪಾಯಿ ವಿದ್ಯಾರ್ಥಿನಿಯ ಸಾಷ್ಟಾಂಗ ನಮಸ್ಕಾರಗಳು. ತಾವೂ ತಮ್ಮ ಅಸಂಖ್ಯ ಒಡಹುಟ್ಟಿದವರೂ ಕ್ಷೇಮವೆಂದು ಸೂಕ್ಷ್ಮದರ್ಶಕದಲ್ಲಿ ಕಂಡು ಬಲ್ಲೆ. ಕೆಟ್ಟಿರುವುದು ನನ್ನ ಕ್ಷೇಮ.

ತಮ್ಮ ಮೈಯೊಳಗಿನ ಆಡಳಿತವನ್ನು ಎಷ್ಟು ಹೊಗಳಿದರೂ ಸಾಲದು. ಎಳೆಯ ರಕ್ತಕಣಗಳನ್ನು ಪುಟ್ಟ ಗ್ರಂಥಿಯೊಂದರಲ್ಲಿ ಕೂಡಿಟ್ಟು, ಅದರ ಹಿಂಬದಿಯಲ್ಲಿ ಕುಳಿತ ಕೆಲವೇ ಹಿರಿಯ ಕಣಗಳು 'ಈಗಲೇ ಬೇಡ, ತಡೀರಿ' ಎಂದು ಸಂದೇಶ ಕಳಿಸುತ್ತ, ಅವು ಬಲಿಯದಂತೆ ನೋಡಿಕೊಳ್ಳುತ್ತವೆ. ಕಣಜದ ಹುಳವೊಂದು ಬಂದು ಮೈಗೆ ಚುಚ್ಚಿ ಒಳಗೆ ಮೊಟ್ಟೆ ಇಟ್ಟಿತೋ, ತಡೆ ಸಡಿಲವಾಗಿ ಆ ಎಳೆಯವೇ ಯೋಧರಾಗಿ ಮೊಟ್ಟೆಯನ್ನು ಸುತ್ತುವರಿದು ಮುಗಿಸುತ್ತವೆ. ಈ ತಡೆಗೆ ಬೇಕಾದ ಜೀನೊಂದನ್ನು ಕಂಡುಹಿಡಿದೆನೆಂದು ನಾನು ಹಿಗ್ಗಿದ್ದೆ. ಆ ಜೀನ್ ಕೆಟ್ಟ ಹುಳುಗಳಲ್ಲಿ ಕಣಗಳು ಬೇಗ ಬಲಿಯುತ್ತವೆ, ಆರೋಗ್ಯವಂತರಾದ ತಮ್ಮಲ್ಲಿ ಬಲಿಯುವುದಿಲ್ಲ ಎಂದು ಕೊನೆಯದಾಗಿ ಒಂದು ಬಾರಿ ತೋರಿಸಿಬಿಟ್ಟರೆ ಪದವಿ; ಪದವಿ ಬಂದರೆ, ಕಾಲೇಜೊಂದು ನನಗಾಗಿ ಕಾದಿರಿಸಿದ ಕೆಲಸ.

ಅಷ್ಟರಲ್ಲಿ ಅತಿಥಿಗಳು ಬರುತ್ತಾರೆಂದು ನಮ್ಮ ಗುರುಗಳು ಮೂಗು ಮುಚ್ಚಿಕೊಂಡು, "ಏನಮ್ಮಾ ಇದು ಹುಳಿ ನಾತ! ನಿನ್ನ ಹುಳಗಳಿಗೆ ವಾಸನೆ ಇಲ್ಲದ್ದೇನಾದ್ರೂ ಹಾಕು" ಎಂದರು. ನಾನು ವಿಧೇಯಳಾಗಿ ವಾಸನೆಯಿಲ್ಲದ ಮೇವು ಬೇಯಿಸಿಟ್ಟೆ. ಊಟದ ವಾಸನೆ ಬರುತ್ತಿದ್ದರಷ್ಟೇ ತಮ್ಮ ಎಳೆಯ ಕಣಗಳು ಎಳೆಯವಾಗಿ ಉಳಿಯುತ್ತವೆಂದು ನನಗೆ ಹೊಳೆಯಲೇ ಇಲ್ಲ. ಹೊಟ್ಟೆ ತುಂಬಿದ್ದರೂ ಮೂಗಿಗೇನೂ ಬರಲಿಲ್ಲವೆಂದು ಮುನಿಸಿಕೊಂಡು, ತಾವು ಜೋಪಾನವಾಗಿಟ್ಟ ಕಣಗಳನ್ನೆಲ್ಲ ಒಮ್ಮೆಗೇ ಬಲಿಸಿಬಿಟ್ಟಿರಿ! ಜೀನ್ ಕೆಟ್ಟವರು ಯಾರು, ನೆಟ್ಟಗಿರುವವರು ಯಾರು ಎಂದು ತಿಳಿಯದೆ ನಾನು ಅತ್ತೇಬಿಟ್ಟೆ. ಗುರುಗಳು ಮಾತ್ರ, "ಅವಸರ ಯಾಕಮ್ಮಾ, ಇನ್ನೊಂದು ವರ್ಷ ಕೂತ್ಕೋ" ಎಂದು ಹೇಳಿ ಅತಿಥಿಗಳೊಡನೆ ಊಟಕ್ಕೆ ಹೋದರು. ಕಾಲೇಜಿನವರು ಅಷ್ಟು ಕಾಯುವುದಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಬಲಿತ ಕಣಗಳನ್ನು ಮತ್ತೆ ಎಳೆಯವನ್ನಾಗಿಸಿ ಗ್ರಂಥಿಯೊಳಗೆ ಶಿಸ್ತಾಗಿ ಕೂರಿಸಬೇಕು. ಅದಾಗದಿದ್ದರೆ ನನ್ನ ಮೌಖಿಕ ಪರೀಕ್ಷೆಗೆ ಖುದ್ದಾಗಿ ತೆವಳಿಕೊಂಡು ಬಂದು, ತಪ್ಪು ಮೇವಿನದೆಂದು ಸಾಕ್ಷಿ ನುಡಿಯಬೇಕಾಗಿ ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ,
ಇನ್ನೂ ಬಲಿಯಲು ಅಪ್ಪಣೆ ಸಿಗದ ವಿದ್ಯಾರ್ಥಿನಿ

ಹೇಳಲು ಮರೆತೆ: ಕಣಜ ಬಂದಾಗಲಾದರೂ ತಮ್ಮ ಹಿಂಬದಿಯ ಹಿರಿಯರು ಎಳೆಯರನ್ನು ಬಲಿಯಲು ಬಿಡುತ್ತಾರೆ. ನಮ್ಮ ಗುರುಗಳ ಕೋಣೆಯ ಕಿಟಕಿ ಬೆಳಿಗ್ಗೆಯೆಲ್ಲ ತೆರೆದೇ ಇರುತ್ತದೆ. ತಮಗೆ ಪರಿಚಯವಿರುವ ಕಣಜ ಯಾವುದಾದರೂ ಬಿಡುವಾಗಿದ್ದರೆ ದಯವಿಟ್ಟು ತಿಳಿಸಿ.