ಒಂದೇ ಕ್ಯಾನ್ವಾಸಿನ ಚಿಕ್ಕಪ್ಪ

ಆಧುನಿಕ ಚಿತ್ರಕಲೆ ಎಲ್ಲಿ ಹುಟ್ಟಿತು ಎಂದು ಯಾರನ್ನಾದರೂ ಕೇಳಿ, ಪ್ಯಾರಿಸ್ ಎನ್ನುತ್ತಾರೆ. ಹುಟ್ಟಲಿ ಬಿಡಿ, ಬೇಡ ಎಂದವರು ಯಾರು? ಅದು ಸತ್ತದ್ದೆಲ್ಲಿ ಎಂದು ಕೇಳಿದರೆ ಮಾತ್ರ ಒಬ್ಬರೂ ಬಾಯಿ ಬಿಡುವುದಿಲ್ಲ. ನಾನು ಹೇಳುತ್ತೇನೆ, ಕೇಳಿ. ಗುಬ್ಬಿಯಲ್ಲಿ, ನನ್ನ ಚಿಕ್ಕಪ್ಪನ ಕೈಯಲ್ಲಿ. ಅದೂ ಒಂದು ಸಲ ಅಲ್ಲ, ಐದಾರು ಸಲ!

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದು ರಿಟೈರ್ ಆದವನು. ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಚಿತ್ರಕಲೆ ಕಲಿತಿದ್ದ. ಅಲ್ಲಿ ಅವರದು ಐದು ಜನರ ಗುಂಪು. ದೇವರ ಪಟ, ಸೂರ್ಯೋದಯ, ಕೊಡ ಹೊತ್ತ ಹೆಂಗಸು ಇವೆಲ್ಲ ಸಾಕು, ಇನ್ನು ಮೇಲೆ ಪ್ರಪಂಚದ ಜೊತೆ ಹೆಜ್ಜೆ ಹಾಕೋಣ ಎಂದು ಹೊರಟವರು. ಕೆಲಸ ಸಿಕ್ಕಿ ಚಿಕ್ಕಪ್ಪ ಊರಿಗೆ ಹೊರಟಾಗ ಉಳಿದ ನಾಲ್ವರು ಸೇರಿ, ಬಾಗಿಲಿನಷ್ಟು ದೊಡ್ಡದೊಂದು ಕ್ಯಾನ್ವಾಸ್ ಕೊಟ್ಟು, ‘ನಿನ್ನ ಜೀವಮಾನದ ಕೆಲಸ ಇದರ ಮೇಲೆ ಬರಲಿ’ ಎಂದು ಹಾರೈಸಿದರಂತೆ. ಹಾರೈಕೆಯನ್ನು ಯಾರಾದರೂ ಹಾಗೇ ನುಂಗುತ್ತಾರಾ? ನಮ್ಮ ಚಿಕ್ಕಪ್ಪ ನುಂಗಿದ! ನಲವತ್ತು ವರ್ಷ ಬೇರೆ ಕ್ಯಾನ್ವಾಸ್ ಮುಟ್ಟಲಿಲ್ಲ. ಬರೆದದ್ದೆಲ್ಲ ಅದರ ಮೇಲೇ. ಬೇಡವೆನಿಸಿದರೆ ಮೇಲೊಂದು ಕೋಟ್ ಬಳಿದು ಮತ್ತೆ ಬರೆಯುವುದು.

ಬೇಡವೆನಿಸುತ್ತಿದ್ದುದು ಯಾವಾಗ? ಬೆಂಗಳೂರಿನಿಂದ ಕಟ್ಟು ಬಂದಾಗ. ಆ ಗುಂಪಿನವನೇ ಒಬ್ಬ ಗೆಳೆಯ, ಮುಂದೆ ಭಾರಿ ಹೆಸರು ಮಾಡಿದವನು, ತಾನು ಓದಿ ಬಿಟ್ಟ ಕಲಾಪತ್ರಿಕೆಗಳನ್ನು ಹುರಿ ಕಟ್ಟಿ ಗುಬ್ಬಿಗೆ ಕಳಿಸುತ್ತಿದ್ದ. ಹೊಸದೊಂದು ಶೈಲಿ ಪ್ಯಾರಿಸ್ಸಿನಿಂದ ಬೆಂಗಳೂರಿಗೆ ಬರಲು ಇಪ್ಪತ್ತು ವರ್ಷ, ಬೆಂಗಳೂರಿನಿಂದ ಗುಬ್ಬಿಗೆ ಇನ್ನೂ ಹತ್ತು. ಕಟ್ಟು ಬಿಚ್ಚಿದ ದಿನ ಚಿಕ್ಕಪ್ಪನ ಮುಖ ನೋಡಲಾಗುತ್ತಿರಲಿಲ್ಲ. “ಹೋಯ್ತು ಕಣೋ! ನಾನು ಬರೀತಿರೋದು ಅಲ್ಲಿ ಯಾವತ್ತೋ ಮುಗ್ದೋಗಿದೆ!” ಎಂದು ತಲೆಗೆ ಕೈ ಹೊತ್ತು ಕೂರುತ್ತಿದ್ದ. ಮಾರನೆಯ ದಿನವೇ ಬಿಳಿ ಬಣ್ಣದ ಡಬ್ಬ ಹೊರಬರುತ್ತಿತ್ತು.

ಮೊದಲು ಬಂದದ್ದು ಚೌಕಗಳ ಕಾಲ. ಚಿಕ್ಕಮ್ಮ ಆಗಿನ್ನೂ ಹೊಸ ಮದುವಣಗಿತ್ತಿ. ಕುಣಿಗಲ್ಲಿನ ತವರಿನಿಂದ ತಂದ ಒಳ್ಳೆಯ ಸೀರೆ ಉಟ್ಟು ನಾಲ್ಕು ಭಾನುವಾರ ಕುರ್ಚಿಯ ಮೇಲೆ ಅಲ್ಲಾಡದೆ ಕೂತಳು. ಐದನೆಯ ಭಾನುವಾರ ಚಿತ್ರ ನೋಡಿದಳು.

“ರೀ, ನನ್ ಮೂಗು ಬೆನ್ನ ಮೇಲ್ಯಾಕ್ರೀ ಬಂತು?”

“ಎಲ್ಲಾ ಕಡೆಯಿಂದ್ಲೂ ಒಂದೇ ಸಲ ನೋಡ್ಬೇಕು ಕಣೇ.”

“ಒಂದು ಕಡೆಯಿಂದ ಸರಿಯಾಗಿ ನೋಡಿ ಸಾಕು!”

ಅಂದಿನಿಂದ ಅವಳು ಆ ಕ್ಯಾನ್ವಾಸನ್ನು ಸವತಿ ಎಂದೇ ಕರೆದಳು. ಮುಂದಿನ ಕಟ್ಟು ಬಂದಾಗ ಆ ಚಿತ್ರ ಬಿಳಿ ಬಣ್ಣದಡಿ ಹೋಯಿತು. ಆಮೇಲೆ ಬಂದದ್ದು ಎರಚುವ ಕಾಲ. ಕ್ಯಾನ್ವಾಸನ್ನು ಹಿತ್ತಲಲ್ಲಿ ಮಲಗಿಸಿ ಚೊಂಬಿನಿಂದ ಬಣ್ಣ ಎರಚಿದ. ಪಕ್ಕದ ಮನೆಯವರು ಕಡಬದಿಂದ ತಂದು ಕಟ್ಟಿದ್ದ ಬಿಳಿ ಕರುವಿನ ಅರ್ಧ ಮೈ ನೀಲಿಯಾಯಿತು. ಅವರು ರೋಗವೆಂದು ಹೆದರಿ ದನದ ಡಾಕ್ಟರನ್ನೇ ಕರೆಸಿಬಿಟ್ಟರು. ಡಾಕ್ಟರು ಕರುವನ್ನು ನೋಡಿದರು, ಗೋಡೆಯಾಚೆ ಚೊಂಬು ಹಿಡಿದು ನಿಂತಿದ್ದ ಚಿಕ್ಕಪ್ಪನನ್ನು ನೋಡಿದರು. “ಕರು ಚೆನ್ನಾಗೈತೆ. ಆ ಕಡೆಯವ್ರನ್ನ ಯಾರಿಗಾದ್ರೂ ತೋರಿಸಿ” ಎಂದರು.

ನಂತರ ಬರೀ ಕಪ್ಪಿನ ಕಾಲ. ಆರು ತಿಂಗಳು ಕಪ್ಪಿನ ಮೇಲೆ ಕಪ್ಪು ಬಳಿದ. ಹೆಡ್‌ಮೇಷ್ಟ್ರು ಮನೆಗೆ ಬಂದವರು ಬಹಳ ಮೆಚ್ಚಿಕೊಂಡರು. “ಬೋರ್ಡ್ ಚೆನ್ನಾಗಿದೆ ಮೇಷ್ಟ್ರೇ. ಎಂಟನೇ ಕ್ಲಾಸಿಂದು ಒಡ್ದೋಗಿದೆ, ಕಳಿಸ್ಬಿಡಿ.” ಈ ಕಾಲದಲ್ಲೇ ಚಿಕ್ಕಪ್ಪ ಹಣೆಗೆ ವಿಭೂತಿಯನ್ನೂ ಓರೆಯಾಗಿ ಇಡತೊಡಗಿದ್ದು. ಅಡ್ಡಗೆರೆಯ ಕಾಲ ಮುಗಿಯಿತಂತೆ! ಮಠಕ್ಕೆ ಹೋದಾಗ ಚಿಕ್ಕಮ್ಮ ಸೆರಗಿನಿಂದ ಒರೆಸಿ ನೆಟ್ಟಗೆ ಇಡುತ್ತಿದ್ದಳು.

ಒಮ್ಮೆ ತುಮಕೂರಿನಲ್ಲೊಂದು ಪ್ರದರ್ಶನ. ನಾನೇ ಜೊತೆಗೆ ಹೋದೆ. ಬಣ್ಣದ ಮೇಲೆ ಬಣ್ಣ ಕೂತು ಕ್ಯಾನ್ವಾಸು ಹೊರಲಾಗದಷ್ಟು ಭಾರವಾಗಿತ್ತು. “ಮನೆ ಬಾಗ್ಲು ಕಿತ್ಕೊಂಡು ಎಲ್ಲಿಗ್ ಸಾರ್ ಹೊರಟ್ರಿ?” ಎಂದು ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ. ಅಲ್ಲೊಬ್ಬರು ಪುಣ್ಯಾತ್ಮರು ಅದನ್ನು ಕೊಳ್ಳಲು ಮುಂದೆ ಬಂದರು! ನಿಜವಾಗಿಯೂ ಬಂದರು! ಚಿಕ್ಕಪ್ಪನ ಮುಖ ಅರಳಿತು, ಮರುಕ್ಷಣ ಬಾಡಿತು.

“ಆಗಲ್ಲ ಸ್ವಾಮಿ. ಇದನ್ನ ಕೊಟ್ಬಿಟ್ರೆ ಮುಂದಿನ ಚಿತ್ರ ಎಲ್ಲಿ ಬರೀಲಿ?”

ನಿಮಗೆ ನಗು ಬರುತ್ತಿರಬಹುದು. ನನಗೂ ಬರುತ್ತಿತ್ತು, ಮದುವೆಮನೆಗಳಲ್ಲಿ ಇದನ್ನೇ ಹೇಳಿ ಜನರನ್ನು ನಗಿಸಿದವನು ನಾನು. ಆದರೆ ಒಂದು ಲೆಕ್ಕ ಹಾಕಿ ನೋಡಿ. ಉಳಿದ ನಾಲ್ವರ ಚಿತ್ರಗಳು ಎಲ್ಲೆಲ್ಲೋ ಗೋಡೆಗಳ ಮೇಲಿವೆ. ಇವನವು ಒಂದರ ಕೆಳಗೊಂದು ಉಸಿರುಕಟ್ಟಿ ಮಲಗಿವೆ. ಒಂದನ್ನೂ ಇನ್ನು ಯಾರೂ ನೋಡುವಂತಿಲ್ಲ.

ಹೋದ ವರ್ಷ ಆ ಹೆಸರುವಾಸಿ ಗೆಳೆಯ ತೀರಿಕೊಂಡ. ಕಟ್ಟುಗಳು ನಿಂತವು. ಇನ್ನು ಪ್ರಪಂಚದಲ್ಲಿ ಏನು ಮುಗಿಯಿತೆಂದು ಹೇಳುವವರು ಯಾರು? ಕೊನೆಯ ಕಟ್ಟು ಬಂದಾಗ ಬಳಿದ ಬಿಳಿ ಕೋಟನ್ನು ಹಾಗೇ ಬಿಟ್ಟು, ಚಿಕ್ಕಪ್ಪ ಬ್ರಷ್ ತೊಳೆದಿಟ್ಟು ಜಗಲಿಯ ಮೇಲೆ ಕೂತ. ದಿನವಿಡೀ ಕೂತ. “ಇದ್ಯಾವ ಕಾಲ ಚಿಕ್ಕಪ್ಪ?” ಎಂದು ತಮಾಷೆಗೆ ಕೇಳಿದೆ. “ಇದು ಬರೀ ಕೂರೋದು ಕಣೋ” ಎಂದ.

ಮೊನ್ನೆ ಬೆಂಗಳೂರಿನಿಂದ ಒಬ್ಬ ಹುಡುಗಿ ಬಂದಳು. ತೀರಿಕೊಂಡ ಆ ಗೆಳೆಯನ ಮೇಲೆ ಪಿಎಚ್‌ಡಿ ಮಾಡುತ್ತಿದ್ದಾಳೆ. ಅವನ ಕಾಗದಗಳಲ್ಲಿ ಗುಬ್ಬಿಯ ಯಾರೋ ಮೇಷ್ಟ್ರ ವಿಳಾಸ ಸಿಕ್ಕಿ ಹುಡುಕಿಕೊಂಡು ಬಂದವಳು. ಚಿಕ್ಕಪ್ಪನಿಗೆ ಜೀವ ಬಂದಂತಾಯಿತು. ಗೆಳೆಯ ಏನು ತಿನ್ನುತ್ತಿದ್ದ, ಹೇಗೆ ಬ್ರಷ್ ಹಿಡಿಯುತ್ತಿದ್ದ, ಎಲ್ಲ ಹೇಳಿದ. ಎರಡು ಗಂಟೆ ಹೇಳಿದ. ‘ನೀವೇನು ಮಾಡ್ತಿದ್ರಿ ಸರ್?’ ಎಂದು ಅವಳು ಈಗ ಕೇಳುತ್ತಾಳೆ, ಈಗ ಕೇಳುತ್ತಾಳೆ ಎಂದು ನಾನು ತುದಿಗಾಲಲ್ಲಿ ಕಾದೆ. ಕೇಳಲಿಲ್ಲ. ಕೊನೆಗೆ ಬ್ಯಾಗಿನಿಂದ ಒಂದು ಫೋಟೋ ತೆಗೆದಳು. ಗೋಡೆಗೆ ಒರಗಿ ನಿಂತ ಐದು ಜನ ಯುವಕರು, ಅಗಲ ಪ್ಯಾಂಟು, ಗಡ್ಡ.

“ನಾಲ್ಕು ಜನರ ಗುರುತು ಸಿಕ್ಕಿದೆ ಸರ್. ಎಡಗಡೆಯಿಂದ ಮೂರನೆಯವರು ಯಾರು ಅಂತ ಯಾರಿಗೂ ಗೊತ್ತಾಗ್ತಿಲ್ಲ. ನಿಮಗೇನಾದ್ರೂ ಗೊತ್ತಾ?”

ನಾನು ಬಗ್ಗಿ ನೋಡಿದೆ. ತಲೆತುಂಬ ಕೂದಲು ಬಿಟ್ಟರೆ ಸಾಕ್ಷಾತ್ ಚಿಕ್ಕಪ್ಪ! ಬಾಯಿ ತೆರೆಯುವಷ್ಟರಲ್ಲಿ ಅವನು ನನ್ನ ತೊಡೆಯನ್ನು ಗಟ್ಟಿಯಾಗಿ ಒತ್ತಿದ. ಫೋಟೋವನ್ನು ಬಹಳ ಹೊತ್ತು ನೋಡಿದ.

“ಗೊತ್ತಿಲ್ಲ ಕಣಮ್ಮ. ಯಾರೋ ಬಂದು ನಿಂತಿರ್ಬೇಕು.”

ಕಾಫಿಯ ಲೋಟ ತೆಗೆಯಲು ಬಂದಿದ್ದ ಚಿಕ್ಕಮ್ಮ ಹಾಗೇ ನಿಂತಳು. ಹುಡುಗಿ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡು, ಕೈಮುಗಿದು ಹೊರಟುಹೋದಳು. ನಾನೂ ಬಾಯಿ ಮುಚ್ಚಿಕೊಂಡೇ ಕೂತೆ, ಆ ನಾಚಿಕೆ ಇವತ್ತಿಗೂ ಹೋಗಿಲ್ಲ.

“ಯಾಕೆ ಚಿಕ್ಕಪ್ಪ ಹಿಂಗ್ ಮಾಡ್ದೆ?”

“ನಾನೇ ಅಂದಿದ್ರೆ, ನಿಮ್ ಚಿತ್ರ ತೋರ್ಸಿ ಸರ್ ಅಂತಿದ್ಲು. ಏನ್ ತೋರಿಸ್ಲೋ? ಈ ಹಲಗೇನಾ?” ಅವನು ಕ್ಯಾನ್ವಾಸಿನ ಕಡೆ ಕೈ ತೋರಿದ. “ಯಾರೂ ಅಲ್ಲ ಅಂತ ಬರ್ಕೊಂಡ್ಲಲ್ಲ, ಅದೇ ಸರಿ.”

ಚಿಕ್ಕಮ್ಮ ಲೋಟವನ್ನು ನೆಲಕ್ಕೆ ಕುಕ್ಕಿದಳು.

“ಯಾರೂ ಅಲ್ವಾ? ನಲ್ವತ್ತು ವರ್ಷ ನಾನು ಬಾಯಿಗೆ ಬಂದಂಗೆ ಬೈದಿದ್ದು ಯಾರ್ಗೆ? ಆರ್ಟಿಸ್ಟ್ ಅಂತ ತಾನೆ ಬೈದಿದ್ದು! ಹಲಗೆ ಅಂತೆ! ಅದ್ರೊಳಗೆ ಏನೇನೈತೆ ಅಂತ ಇವ್ರಿಗೆ ಮರ್ತೋಗಿರ್ಬೋದು, ನಂಗೆ ಒಂದೊಂದೂ ಗೊತ್ತು!”

ಅಷ್ಟೇ. ಬರಿಗಾಲಲ್ಲಿ ಬೀದಿಗಿಳಿದಳು. ಮಂಡಿ ನೋವಿನವಳು, ಓಡಿದಳು! ನಾನು ಹಿಂದೆ ಓಡಿದೆ. ಹುಡುಗಿ ತಿರುವಿನಲ್ಲಿ ಆಟೋ ಹತ್ತುತ್ತಿದ್ದಳು. ಚಿಕ್ಕಮ್ಮ ಹೋಗಿ ಆಟೋದ ಕಂಬಿ ಹಿಡಿದಳು.

“ಮೂರನೆಯವ್ರು ನಮ್ ಯಜಮಾನ್ರು ಕಣಮ್ಮ. ಈಗ ನಿನ್ನೆದುರಿಗೆ ಕೂತಿದ್ರಲ್ಲ, ಅವ್ರೇಯಾ. ಬರ್ಕೊ.”

ಹುಡುಗಿ ಕಕ್ಕಾಬಿಕ್ಕಿಯಾಗಿ ಪುಸ್ತಕ ತೆಗೆದಳು. “ಪೂರ್ತಿ ಹೆಸರು ಹೇಳ್ತೀರಾ ಅಮ್ಮ?”

ಚಿಕ್ಕಮ್ಮ ಗಂಡನ ಹೆಸರನ್ನು ಬಾಯಲ್ಲಿ ಹೇಳಿದವಳೇ ಅಲ್ಲ. ‘ಇವ್ರು’, ‘ರೀ’, ‘ಮೇಷ್ಟ್ರು’. ವೋಟರ್ ಲಿಸ್ಟಿನವರು ಬಂದರೂ ನನ್ನನ್ನೋ ಪಕ್ಕದ ಮನೆಯವರನ್ನೋ ಕರೆದು ಹೇಳಿಸುತ್ತಿದ್ದಳು. ಅಭ್ಯಾಸಬಲದಿಂದ ನಾನು ಮುಂದೆ ಬಂದೆ. ಅವಳು ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ಸೆರಗು ಸರಿಮಾಡಿಕೊಂಡಳು. ನಡುಬೀದಿಯಲ್ಲಿ ನಿಂತು, ಇನಿಷಿಯಲ್ಲು ಸೇರಿಸಿ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.

“ಏನ್ ಮಾಡ್ತಿದ್ರು ಅಂತ ಬರೀಲಿ ಅಮ್ಮ?”

“ಮಾಡ್ತಿದ್ರು ಅಲ್ಲ,” ಎಂದಳು ಚಿಕ್ಕಮ್ಮ. “ಚಿತ್ರ ಬರೀತಾರೆ ಅಂತ ಬರ್ಕೊ.”