ಕಂಬದ ಮೇಲಿರುವ ಲೈನ್‌ಮನ್

ನಮ್ಮ ಬೀದಿಯ ಹನ್ನೆರಡನೇ ವಿದ್ಯುತ್ ಕಂಬದ ಮೇಲೆ ಒಬ್ಬ ಲೈನ್‌ಮನ್ ಹತ್ತು ವಾರಗಳಿಂದ ಕೆಲಸ ಮಾಡುತ್ತಿದ್ದಾರೆ. ದಾಖಲೆಯಲ್ಲಿ ಹಾಗಿದೆ. ದಾಖಲೆ ಓದದೆ ಬರೀ ತಲೆಯೆತ್ತಿ ನೋಡಿ, ಅಲ್ಲಿ ಯಾರೂ ಇಲ್ಲವಲ್ಲ ಎನ್ನುವವರಿಗೆ ಉತ್ತರ ಕೊಡುವುದು ಈ ಬರಹದ ಉದ್ದೇಶವಲ್ಲ.

ಲೈನ್‌ಮನ್ ಕಂಬ ಹತ್ತುವ ಮೊದಲು ವಿದ್ಯುತ್ ಕಚೇರಿಯಿಂದ ಒಂದು ಚೀಟಿ ಪಡೆಯಬೇಕು. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಚೀಟಿ ಕೊಟ್ಟ ಕೂಡಲೇ ಆ ಬೀದಿಯ ಸ್ವಿಚ್ ಇಳಿಸುತ್ತಾರೆ. ಕೆಲಸ ಮುಗಿಸಿ ಇಳಿದು ಬಂದವನು ಅದೇ ಚೀಟಿಗೆ ಸಹಿ ಹಾಕಿ ಹಿಂದಿರುಗಿಸಿದ ಮೇಲೆಯೇ ಸ್ವಿಚ್ ಏರಿಸುತ್ತಾರೆ. ಪಡೆದವನೇ ಹಿಂದಿರುಗಿಸಬೇಕು, ಅವನ ಪರವಾಗಿ ಇನ್ನೊಬ್ಬ ಸಹಿ ಹಾಕುವಂತಿಲ್ಲ. ಬಹಳ ಒಳ್ಳೆಯ ನಿಯಮ. ಇದರಿಂದ ಎಷ್ಟೋ ಮನೆಗಳ ಗಂಡಸರು ಸಂಜೆ ಮನೆಗೆ ಬಂದಿದ್ದಾರೆ.

ತಿಂಗಳ ಕೊನೆಯ ದಿನ ಮಧ್ಯಾಹ್ನ ನಮ್ಮ ಬೀದಿಯ ಹಿರಿಯ ಲೈನ್‌ಮನ್ ಚೀಟಿ ಪಡೆದು, ಹನ್ನೆರಡನೇ ಕಂಬ ಹತ್ತಿ, ತಂತಿ ಕೂರುವ ಒಡೆದ ಪಿಂಗಾಣಿ ಬಟ್ಟಲು ತೆಗೆದು ಹೊಸದನ್ನು ಕೂರಿಸಿದರು. ಅಷ್ಟರಲ್ಲಿ ಕೆಳಗಿನಿಂದ ಕೂಗು ಬಂತು. ಅಂದು ಅವರು ನಿವೃತ್ತರಾಗುವ ದಿನ, ಫೋಟೋ ತೆಗೆಯುವವನಿಗೆ ತಡವಾಗುತ್ತಿತ್ತು. ಇಳಿದು ಬಂದರು, ನಡುವಿನ ಕುರ್ಚಿಯಲ್ಲಿ ಕೂತರು, ಗೋಡೆ ಗಡಿಯಾರವೊಂದನ್ನು ಉಡುಗೊರೆಯಾಗಿ ಪಡೆದರು, ಮೂವತ್ತೆಂಟು ವರ್ಷಗಳ ಸೇವೆಯ ಬಗ್ಗೆ ನಾಲ್ಕು ಮಾತು ಕೇಳಿಸಿಕೊಂಡರು. ಐದು ಗಂಟೆಗೆ ನಿವೃತ್ತರಾಗಿ ಮನೆಗೆ ಹೋದರು. ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು.

ಆ ಹೊತ್ತಿಗೆ ನಮ್ಮ ಹಿಂದಿನ ಕೋಣೆಯಲ್ಲಿ ನನ್ನ ನಾದಿನಿಯ ಕರೆಂಟಿನ ಕಾವುಪೆಟ್ಟಿಗೆ ತಣ್ಣಗಾಗುತ್ತಿತ್ತು. ಒಳಗೆ ನೂರಿಪ್ಪತ್ತು ಮೊಟ್ಟೆಗಳು, ಹದಿನಾಲ್ಕನೇ ದಿನ. ಮರಿಯಾಗಲು ಇಪ್ಪತ್ತೊಂದು ದಿನ ಬೇಕು. ಟೈಪಿಂಗ್ ಕೆಲಸ ಕೈಬಿಟ್ಟ ಮೇಲೆ ಅವಳು ಶುರುಮಾಡಿದ ಕಸುಬು ಇದು. ಅಕ್ಕಪಕ್ಕದ ಏಳೆಂಟು ಮನೆಯವರು ನಂಬಿ ಮೊಟ್ಟೆ ಕೊಟ್ಟಿದ್ದರು. ಈ ಸಲ ಕೆಟ್ಟರೆ ಇನ್ನೊಮ್ಮೆ ಯಾರೂ ಕೊಡುವುದಿಲ್ಲ ಎಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ಬಿಸಿನೀರಿನ ಬಾಟಲಿ, ಎರಡು ಕಂಬಳಿ, ನನ್ನ ಒಳ್ಳೆಯ ಉಣ್ಣೆಯ ಕೋಟು, ಎಲ್ಲವನ್ನೂ ಪೆಟ್ಟಿಗೆಗೆ ಹೊದಿಸಿದೆವು. ಬೆಳಗಾಗುತ್ತಲೇ ಕಚೇರಿಗೆ ಹೊರಟೆವು. ನಾದಿನಿ ಮೆತ್ತಗೆ ಮಾತಾಡುತ್ತಾಳೆ, ಆದ್ದರಿಂದ ನಾನೂ ಹೋದೆ.

ನಮ್ಮ ವಿದ್ಯುತ್ ಕಚೇರಿ ಹಳೆಯ ಪವರ್ ಹೌಸ್ ಕಟ್ಟಡದಲ್ಲಿದೆ. ಒಂದು ಕಾಲಕ್ಕೆ ಇಡೀ ಊರಿಗೆ ಇಲ್ಲೇ ವಿದ್ಯುತ್ ತಯಾರಾಗುತ್ತಿತ್ತಂತೆ. ಆ ದೊಡ್ಡ ಯಂತ್ರ ಇಂದಿಗೂ ಹಜಾರದ ನಡುವೆ ಕೂತಿದೆ. ಅದು ನಿಂತು ನಲವತ್ತು ವರ್ಷವಾದರೂ ಪ್ರತಿ ವರ್ಷ ಹಸಿರು ಬಣ್ಣ ಬಳಿಯುತ್ತಾರೆ, ಪ್ರತಿ ವಾರ ಎಣ್ಣೆ ಹಾಕುತ್ತಾರೆ. ಎತ್ತರದ ಕಿಟಕಿಗಳು, ತಲೆಯ ಮೇಲೆ ತುಕ್ಕು ಹಿಡಿದ ಕೊಂಡಿಗಳು, ಗೋಡೆಯುದ್ದಕ್ಕೂ ಸ್ವಿಚ್‌ಗಳು. ಊರಿನಲ್ಲಿ ಎಲ್ಲಿ ಕರೆಂಟು ಹೋದರೂ ಈ ಕಟ್ಟಡದಲ್ಲಿ ಹೋಗುವುದಿಲ್ಲ. ದೂರು ಬರೆದುಕೊಳ್ಳಲು ಬೆಳಕು ಬೇಕಲ್ಲ.

ಎಂಜಿನಿಯರ್ ಸಾಹೇಬರು ಸಭ್ಯರು. ನಮ್ಮನ್ನು ಗೋಡೆಯ ಬಳಿ ಕರೆದೊಯ್ದು ಒಂದು ಹಿಡಿಕೆ ತೋರಿಸಿದರು.

"ಇದೇ ನಿಮ್ಮ ಬೀದಿ."

ಹಿಡಿಕೆ ಕೆಳಗಿತ್ತು. ಅದಕ್ಕೆ ಒಂದು ಫಲಕ ನೇತುಹಾಕಿದ್ದರು: ಎಚ್ಚರಿಕೆ, ಜನರು ಕೆಲಸ ಮಾಡುತ್ತಿದ್ದಾರೆ. ಇರುವವರು ಒಬ್ಬರೇ ಆದ್ದರಿಂದ ಈ ಬಹುವಚನ ಗೌರವಕ್ಕೋ ಎಂದು ಕೇಳಿದೆ. ಹೌದೆಂದರು.

"ಮತ್ತೆ ಎತ್ತಿಬಿಡಿ ಸರ್," ಎಂದಳು ನಾದಿನಿ. "ಕೈಗೆ ಸಿಗೋ ಹಾಗೇ ಇದೆಯಲ್ಲ."

"ಕಂಬದ ಮೇಲೆ ಮನುಷ್ಯ ಇದ್ದಾನಮ್ಮ. ಹ್ಯಾಗೆ ಎತ್ತಲಿ?"

"ಮೇಲೆ ಯಾರೂ ಇಲ್ಲ. ನಾನೇ ನೋಡ್ಕೊಂಡು ಬಂದೆ."

"ನೀವು ನೋಡಿದ್ದು ಕಂಬ. ನಾವು ನೋಡೋದು ಚೀಟಿ."

ಲೈನ್‌ಮನ್‌ಗೆ ಹೇಳಿಕಳಿಸಿದರು. ಅರ್ಧ ಗಂಟೆಯಲ್ಲಿ ಬಂದರು. ಕ್ಷೌರ ಮಾಡಿಸಿಕೊಂಡು, ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದರು. ಚೀಟಿ ತೆಗೆದು ಮೇಜಿನ ಮೇಲಿಟ್ಟು ಪೆನ್ನು ಕೇಳಿದರು. ದೂರು ಬರೆದುಕೊಳ್ಳುವ ಗುಮಾಸ್ತರು ಚೀಟಿಯ ಮೇಲೆ ಕೈ ಅಡ್ಡ ಇಟ್ಟರು.

"ಅಣ್ಣ, ನೀವು ನಿನ್ನೆ ಐದು ಗಂಟೆಗೆ ರಿಟೈರ್ ಆಗಿದ್ದೀರಿ. ಇವತ್ತು ನಿಮ್ಮ ಸಹಿಗೆ ಬೆಲೆ ಇಲ್ಲ."

"ಹಂಗಾದ್ರೆ ನಿನ್ನೆ ತಾರೀಕು ಹಾಕ್ತೀನಿ ತಗೋ."

"ಸುಳ್ಳು ತಾರೀಕು ಹಾಕೋಕೆ ಇದೇನು ಮದುವೆ ಕಾಗದಾನಾ?"

ಈ ಹಂತದಲ್ಲಿ ಮೇಲಿನ ಕಚೇರಿಗೆ ಫೋನ್ ಹೋಯಿತು. ಉತ್ತರ ಬರುವ ತನಕ ಎಂಜಿನಿಯರ್ ಸಾಹೇಬರು ದೂರನ್ನಾದರೂ ಕ್ರಮಬದ್ಧವಾಗಿ ಕೊಡಿ ಎಂದರು. ಹಾನಿಯ ದೂರಿನ ಜೊತೆ ಹಾನಿಗೊಳಗಾಗುವ ವಸ್ತುವನ್ನು ಸಾಕ್ಷ್ಯವಾಗಿ ಹಾಜರುಪಡಿಸಬೇಕು ಎಂಬ ನಿಯಮ ಅರ್ಜಿಯ ಹಿಂಬದಿಯಲ್ಲೇ ಅಚ್ಚಾಗಿತ್ತು. ಅರ್ಜಿಯ ಹಿಂಬದಿಯನ್ನು ಓದುವವರು ಕಡಿಮೆ. ನಾನು ಓದುತ್ತೇನೆ. ಅದರ ಕೆಳಗಿನ ಸಾಲಿನಲ್ಲಿ, ಹಾಜರಾದ ಸಾಕ್ಷ್ಯವನ್ನು ಅದು ಬಂದ ಸ್ಥಿತಿಯಲ್ಲೇ ಕಾಪಾಡುವುದು ಕಚೇರಿಯ ಹೊಣೆ ಎಂದೂ ಇತ್ತು.

ನಾವು ಪೆಟ್ಟಿಗೆಯನ್ನು ಆಟೋದಲ್ಲಿ ಹೊದಿಕೆ ಸಮೇತ ತಂದು ಹಾಜರುಪಡಿಸಿದೆವು.

"ಇದರಲ್ಲಿ ಏನಿದೆ?" ಎಂದರು ಗುಮಾಸ್ತರು.

"ಮೊಟ್ಟೆ. ನೂರಿಪ್ಪತ್ತು."

"ಯಾವ ಸ್ಥಿತಿ?"

ನಾದಿನಿ ಒಂದೊಂದನ್ನೇ ಟಾರ್ಚಿಗೆ ಹಿಡಿದು ನೋಡಿದಳು. ಹಜಾರದಲ್ಲಿದ್ದವರೆಲ್ಲ ಎದ್ದು ಬಂದು ಸುತ್ತ ನಿಂತರು. ಚಿಪ್ಪಿನೊಳಗೆ ಸಣ್ಣದೊಂದು ನೆರಳು ಮಿಸುಕಿತು.

"ಜೀವಂತ," ಎಂದಳು.

ಗುಮಾಸ್ತರು ಹಾಗೆಯೇ ಬರೆದುಕೊಂಡರು. ಬರೆದ ಮೇಲೆ ಅದೇ ಸ್ಥಿತಿಯಲ್ಲಿ ಕಾಪಾಡದೆ ಬೇರೆ ದಾರಿ ಉಳಿಯಲಿಲ್ಲ. ಎಂಜಿನಿಯರ್ ಸಾಹೇಬರು ಎರಡು ಸಲ ಕನ್ನಡಕ ಒರೆಸಿಕೊಂಡು, ಪೆಟ್ಟಿಗೆಯನ್ನು ದೊಡ್ಡ ಯಂತ್ರದ ಪಕ್ಕದ ಪ್ಲಗ್ಗಿಗೆ ಹಾಕಿಸಿದರು. ಮೊಟ್ಟೆಗಳನ್ನು ದಿನಕ್ಕೆ ಮೂರು ಸಲ ಮಗುಚಬೇಕೆಂದು ತಿಳಿದಾಗ ಪಾಳಿ ಪಟ್ಟಿ ಹೊರಡಿಸಿದರು. ಆ ಕಚೇರಿಯಲ್ಲಿ ಹೇಳಿದ ಹೊತ್ತಿಗೆ ಹೇಳಿದ ಕೆಲಸ ನಡೆದದ್ದನ್ನು ನಾನು ಮೊದಲ ಬಾರಿಗೆ ಕಂಡೆ.

ಮೂರನೇ ದಿನ ಮೇಲಿನ ಕಚೇರಿಯ ಉತ್ತರ ಬಂತು. ಸಾರಾಂಶ ಹೀಗಿತ್ತು: ಕಂಬದ ಮೇಲಿರುವ ನೌಕರನನ್ನು ನಿವೃತ್ತಿಗೊಳಿಸಲು ಅವಕಾಶವಿಲ್ಲ. ನಿವೃತ್ತಿಯು ನೌಕರನು ಇಳಿದ ಕ್ಷಣದಿಂದ ಜಾರಿಗೆ ಬರತಕ್ಕದ್ದು. ಇಳಿದದ್ದಕ್ಕೆ ಚೀಟಿಯೇ ಆಧಾರ. ಅಲ್ಲಿಯ ತನಕ ಸದರಿಯವರು ಕರ್ತವ್ಯದಲ್ಲಿರುತ್ತಾರೆ.

"ಗೆದ್ದಿರಿ ಅಣ್ಣ," ಎಂದರು ಗುಮಾಸ್ತರು. "ಈಗ ನಿಮ್ಮ ಸಹಿ ನಡೆಯುತ್ತೆ. ಹಾಕಿ."

ಲೈನ್‌ಮನ್ ಪೆನ್ನು ತೆಗೆದುಕೊಂಡರು. ಚೀಟಿ ನೋಡಿದರು. ಈ ಮೂರು ದಿನ ಅವರು ಮನೆಯಲ್ಲಿದ್ದರು. ಹೆಂಡತಿ ಮೊದಲ ದಿನ ಅಟ್ಟದ ಪಾತ್ರೆ ಇಳಿಸಲು ಹೇಳಿದ್ದರು, ಎರಡನೇ ದಿನ ಅವನ್ನು ತೊಳೆಯಲು, ಮೂರನೇ ದಿನ ಮತ್ತೆ ಅಟ್ಟಕ್ಕೇರಿಸಲು.

"ಸಹಿ ಹಾಕಿದ್ರೆ ರಿಟೈರು, ಅಲ್ವಾ?"

"ಹೌದು."

"ಹಾಕ್ದೇ ಇದ್ರೆ?"

"ಕಂಬದ ಮೇಲೆ."

ಲೈನ್‌ಮನ್ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. "ಕನ್ನಡಕ ತಂದಿಲ್ಲ ಕಣಪ್ಪ. ಓದದೆ ಸಹಿ ಹಾಕೋದು ನನ್ನ ಜಾಯಮಾನದಲ್ಲೇ ಇಲ್ಲ."

ಮರುದಿನ ಕನ್ನಡಕ ಇತ್ತು, ಹೆಬ್ಬೆರಳು ಕೊಯ್ದಿತ್ತು. ಅದರ ಮರುದಿನ ಶಾಯಿಯ ಬಣ್ಣ ಒಪ್ಪಿಗೆಯಾಗಲಿಲ್ಲ. ಆದರೆ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬರುತ್ತಿದ್ದರು. ಗುಮಾಸ್ತರು ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ "ಕಂಬದ ಮೇಲೆ" ಎಂದು ಬರೆದು, ಆಮೇಲೆ ಅವರಿಗೇ ಚಹಾ ತರಿಸುತ್ತಿದ್ದರು. ಸುಮ್ಮನೆ ಕೂರಲಾರದ ಮನುಷ್ಯ, ಮೊಟ್ಟೆ ಮಗುಚುವ ಪಾಳಿಯನ್ನೆಲ್ಲ ತಾವೇ ವಹಿಸಿಕೊಂಡರು. ಎತ್ತರದಲ್ಲಿ ಸಣ್ಣ ತಿರುಪು ಕೂರಿಸಿ ಪಳಗಿದ ಬೆರಳುಗಳು, ಒಂದು ಮೊಟ್ಟೆಯೂ ಬಿರುಕು ಬಿಡಲಿಲ್ಲ. ನಾನು ಅವರ ಹೆಂಡತಿಯನ್ನು ದಾರಿಯಲ್ಲಿ ಕಂಡಾಗ, ಯಜಮಾನರು ಹೇಗಿದ್ದಾರೆ ಎಂದು ವಿಚಾರಿಸಿದೆ.

"ಮೇಲಿದ್ದಾರೆ," ಎಂದರು ನೆಮ್ಮದಿಯಿಂದ. "ಅಲ್ಲೇ ಇರಲಿ ಬಿಡಿ."

ಇಪ್ಪತ್ತೊಂದನೇ ದಿನ ನೂರ ಹನ್ನೊಂದು ಮರಿಗಳಾದವು. ಸಾಕ್ಷ್ಯದ ಸ್ವರೂಪ ಬದಲಾದ ಬಗ್ಗೆ ಗುಮಾಸ್ತರು ಒಂದು ಟಿಪ್ಪಣಿ ಬರೆದರು: ಬಂದಾಗ ದುಂಡಗಿತ್ತು, ಈಗ ಓಡಾಡುತ್ತಿದೆ. ಏಳೆಂಟು ಮನೆಯವರು ಬಂದು ತಮ್ಮ ತಮ್ಮ ಮರಿ ಒಯ್ದರು. ಸುದ್ದಿ ಹಬ್ಬಿ, ಎರಡು ವಾರದಲ್ಲಿ ಇಪ್ಪತ್ತು ಮನೆಯವರು ಮೊಟ್ಟೆ ತಂದುಕೊಟ್ಟರು. ನಾದಿನಿ ಹೊಸ ಅರ್ಜಿ ತುಂಬಿ ಎರಡನೇ ಸಾಕ್ಷ್ಯ ಹಾಜರುಪಡಿಸಿದಳು.

ಅದು ಒಂಬತ್ತನೇ ದಿನಕ್ಕೆ ಬಂದಾಗ ಮೇಲಿನ ಕಚೇರಿಯಿಂದ ತಪಾಸಣಾಧಿಕಾರಿ ಬಂದರು. ಕಡತ ಓದಿದರು, ಹಿಡಿಕೆ ನೋಡಿದರು, ಪೆಟ್ಟಿಗೆಯ ಮುಂದೆ ಬಗ್ಗಿದ್ದ ಲೈನ್‌ಮನ್ನನ್ನು ನೋಡಿದರು.

"ಒಂದು ಬೀದಿ ಒಂದು ತಿಂಗಳು ಕತ್ತಲಲ್ಲಿದೆ. ಚೀಟಿ ತೆಗೀರಿ. ನನ್ನ ಎದುರಿಗೇ ಸಹಿ ಆಗಬೇಕು."

ಲೈನ್‌ಮನ್ ಬಳಿ ಅಂದು ನೆಪವಿರಲಿಲ್ಲ. ಚೀಟಿ ಬಿಡಿಸಿದರು. ಮಡಿಕೆಗಳಲ್ಲಿ ಅದು ಹರಿಯುವಂತಾಗಿತ್ತು. ಪೆನ್ನು ಕಾಗದಕ್ಕೆ ತಾಗುವಷ್ಟರಲ್ಲಿ ನಾದಿನಿ ಅವರ ಮೊಣಕೈ ಹಿಡಿದಳು.

"ಅಣ್ಣ, ಇವತ್ತು ಒಂಬತ್ತನೇ ದಿನ."

"ಗೊತ್ತಮ್ಮ. ಬೆಳಿಗ್ಗೆ ನಾನೇ ಮಗುಚಿದ್ದು."

"ನೀವು ಸಹಿ ಹಾಕಿದ್ರೆ ದೂರು ಮುಗೀತು. ದೂರು ಮುಗಿದ್ರೆ ಇದನ್ನ ಮನೆಗೆ ಒಯ್ಯಬೇಕು. ಮನೇಲಿ ಇವತ್ತು ಕರೆಂಟ್ ಬರುತ್ತೆ, ನಾಳೆ ಹೋಗುತ್ತೆ. ಇಲ್ಲಿ ಹೋಗಲ್ಲ."

ಅಧಿಕಾರಿಗಳು ಅವಳನ್ನೇ ನೋಡಿದರು. "ದೂರು ಕೊಟ್ಟವರು ನೀವೇ ಅಲ್ವಾ?"

"ಹೌದು ಸರ್. ದೂರು ಹಾಗೇ ಇರಲಿ ಸರ್."

ಅವಳು ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಅಧಿಕಾರಿಗಳು ಲೈನ್‌ಮನ್ ಕೈಯಿಂದ ಪೆನ್ನು ತೆಗೆದುಕೊಂಡರು. ನಮ್ಮ ಬೀದಿಯಲ್ಲಿ ಒಂದು ತಿಂಗಳಿಂದ ಒಂದೂ ವಿದ್ಯುತ್ ಅಪಘಾತ ನಡೆದಿಲ್ಲ, ಸಾರ್ವಜನಿಕರು ಸಂತುಷ್ಟರಾಗಿದ್ದಾರೆ, ನೌಕರರು ಪಾಳಿಗೆ ಸರಿಯಾಗಿ ಹಾಜರಿದ್ದಾರೆ ಎಂದು ವರದಿ ಬರೆದರು. ಉಳಿದ ಕಚೇರಿಗಳಿಗೂ ಇದೇ ಮಾದರಿ ಆಗಬಹುದೆಂದು ಸೇರಿಸಿದರು. ಹೋಗುವ ಮುನ್ನ ತಮ್ಮ ಮನೆಯ ಹನ್ನೆರಡು ಮೊಟ್ಟೆಗಳನ್ನು ಮುಂದಿನ ಸಾಕ್ಷ್ಯಕ್ಕೆ ಸೇರಿಸಲಾಗುವುದೇ ಎಂದು ವಿಚಾರಿಸಿದರು. ಲೈನ್‌ಮನ್ ಚೀಟಿಗೆ ಹಿಂದಿನಿಂದ ಅಂಟು ಕಾಗದ ಹಚ್ಚಿ ಗಟ್ಟಿ ಮಾಡಿಕೊಂಡರು.

ಈಗ ಮೂರನೇ ಸಾಕ್ಷ್ಯ ನಡೆಯುತ್ತಿದೆ. ಬೀದಿಯವರು ದೀಪದ ಬತ್ತಿ ಕತ್ತರಿಸುವುದನ್ನು ಕಲಿತಿದ್ದಾರೆ, ಮೊಬೈಲು ಚಾರ್ಜ್ ಮಾಡಲು ಪವರ್ ಹೌಸಿಗೆ ಹೋಗಿ ಮರಿ ನೋಡಿಕೊಂಡು ಬರುತ್ತಾರೆ. ಹನ್ನೆರಡನೇ ಕಂಬ ದಾಟುವಾಗ ಕೆಲವರು ತಲೆಯೆತ್ತಿ, ಕೆಲಸ ಆಯಿತೇ ಎಂದು ಕೇಳುವುದೂ ಉಂಟು.

ನನ್ನದು ಒಂದೇ ಆಕ್ಷೇಪವಿತ್ತು, ಅದನ್ನು ಲಿಖಿತವಾಗಿ ಸಲ್ಲಿಸಿದೆ. ಮನುಷ್ಯ ಕಂಬದ ಮೇಲಿರುವಾಗ ಬುಡದಲ್ಲಿ ಏಣಿ ಇರತಕ್ಕದ್ದು ಎಂದು ನಿಯಮವಿದೆ. ನಮ್ಮ ಕಂಬಕ್ಕೆ ಏಣಿ ಇರಲಿಲ್ಲ. ಹೀಗಿದ್ದರೆ ಅವರು ಇಳಿಯುವುದಾದರೂ ಹೇಗೆ? ಎಂಜಿನಿಯರ್ ಸಾಹೇಬರು ತಪ್ಪೊಪ್ಪಿಕೊಂಡು ಅದೇ ದಿನ ಏಣಿ ಕಳಿಸಿದರು. ಅದನ್ನು ಹೊತ್ತು ತಂದು ಕಂಬಕ್ಕೆ ಒರಗಿಸಿ, ಅಲುಗಾಡದಂತೆ ಬುಡಕ್ಕೆ ಎರಡು ಕಲ್ಲು ಕೊಟ್ಟವರು ಲೈನ್‌ಮನ್ನೇ.